ಅಕ್ಷರವಿಲ್ಲದ ಇಪ್ಪತ್ತೆರಡು ಸೆಕೆಂಡು

ನಮ್ಮ ಮನೆಯಲ್ಲಿ ಅಪ್ಪನಿಗೆ ಕಿವಿ ಇರಲಿಲ್ಲ, ಅವ್ವನಿಗೆ ಅಕ್ಷರ ಇರಲಿಲ್ಲ. ಇಬ್ಬರ ನಡುವೆ ನಾನಿದ್ದೆ, ಒಬ್ಬಳೇ ಮಗಳು.

ಅಪ್ಪ ಹುಟ್ಟುಕಿವುಡನಲ್ಲ. ಕಲಬುರಗಿ ಕಡೆಯ ಹಳ್ಳಿಯಿಂದ ಹೈದರಾಬಾದಿಗೆ ಬಂದು, ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ಇಪ್ಪತ್ತಾರು ವರ್ಷ ನಿಂತವನು. ಆ ಪ್ರೆಸ್ಸು ಒಂದೊಂದು ಸಲ ಕೆಳಗಿಳಿದಾಗಲೂ ಮೈಯೆಲ್ಲ ಹಲ್ಲಿನವರೆಗೆ ನಡುಗುತ್ತಿತ್ತು ಎನ್ನುತ್ತಿದ್ದ. ಮೊದಲು ಅವನಿಗೆ ಕುಕ್ಕರಿನ ಸೀಟಿ ಕೇಳದಾಯಿತು, ಆಮೇಲೆ ಬಾಗಿಲು ಬಡಿಯುವುದು ಕೇಳದಾಯಿತು, ನಾನು ಏಳನೆಯ ತರಗತಿಗೆ ಬರುವಷ್ಟರಲ್ಲಿ ನನ್ನ ದನಿಯೂ ಕೇಳದಾಯಿತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟೆವು. ಎರಡು ದಿನ ಹಾಕಿಕೊಂಡ. "ಇದು ಹಾಕ್ಕೊಂಡ್ರ ಮತ್ತ ಫ್ಯಾಕ್ಟರಿ ಒಳಗ ನಿಂತಂಗ ಆಕೈತಿ" ಎಂದು ತೆಗೆದು, ಅದು ಬಂದ ಡಬ್ಬಿಯಲ್ಲೇ ಇಟ್ಟುಬಿಟ್ಟ. ಕಣ್ಣು ಮಾತ್ರ ಚುರುಕಾಗಿತ್ತು. ಊರಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ಯಾರಾದರೂ ಊರಿನಿಂದ ಕನ್ನಡ ಪೇಪರಿನಲ್ಲಿ ರೊಟ್ಟಿ ಸುತ್ತಿಕೊಂಡು ಬಂದರೆ ರೊಟ್ಟಿ ಪಕ್ಕಕ್ಕಿಟ್ಟು ಮೊದಲು ಪೇಪರ್ ಓದುತ್ತಿದ್ದ.

ಅವ್ವ ಶಾಲೆಯ ಕಟ್ಟೆ ಹತ್ತಿದವಳಲ್ಲ, ಹೆಬ್ಬೆಟ್ಟಿನವಳು. ಆದರೆ ಮಾತಿನ ಮಲ್ಲಿ. ಅಂಥವಳಿಗೆ ಕೇಳದ ಗಂಡ. ಚಹಾ, ಊಟ, ತಲೆನೋವು ಇಂಥವಕ್ಕೆ ಕೈಸನ್ನೆ ಸಾಕಾಗುತ್ತಿತ್ತು. ಅಪ್ಪನಿಗೆ ತುಟಿ ನೋಡಿ ಮಾತು ತಿಳಿಯುತ್ತಿರಲಿಲ್ಲ, ಅವನು ಕೈ ನೋಡುತ್ತಿದ್ದ. ಕೈಗೆ ಬಗ್ಗದ ಮಾತು ಬಂದಾಗ ಅವ್ವ ನನ್ನನ್ನು ಕರೆಯುತ್ತಿದ್ದಳು. ನಾನು ಪಾಟಿ ತಂದು, ಬಳಪ ಹಿಡಿದು, ಅವಳು ಹೇಳಿದ್ದನ್ನು ಬರೆದು ಅಪ್ಪನಿಗೆ ತೋರಿಸುತ್ತಿದ್ದೆ. ಓದಿ ಅಪ್ಪ ಬಾಯಲ್ಲೇ ಉತ್ತರ ಕೊಡುತ್ತಿದ್ದ, ಓಣಿಗೆಲ್ಲ ಕೇಳುವ ಹಾಗೆ.

ಈ ಕೆಲಸದಲ್ಲಿ ನಾನು ಮೊದಲಿನಿಂದಲೂ ಮೈಗಳ್ಳಿ. ಒಂದು ಸಲ ಅವ್ವ ಹೇಳಿದಳು: "ನಾಳಿ ನಿಮ್ಮ ತಂಗಿ ಬರ್ತಾಳಂತ. ಹ್ವಾದ ಸಲ ಬಂದಾಗ ಮಾರಿ ಸಣ್ಣದು ಮಾಡ್ಕೊಂಡು ಹೋಗ್ಯಾಳ. ಈ ಸಲರ ಆಕಿ ಎದುರಿಗಿ ಕುಂತು ಎರಡ ಮಾತಾಡ್ರಿ, ಪೇಪರ್ ಹಿಡ್ಕೊಂಡು ಕೂಡಬ್ಯಾಡ್ರಿ." ನಾನು ಪಾಟಿಯ ಮೇಲೆ ಬರೆದದ್ದು "ನಾಳೆ ಅತ್ತೆ ಬರುತ್ತಾಳೆ" ಅಂತ. ಅಪ್ಪ ತಲೆಯಾಡಿಸಿದ. ಅವ್ವನಿಗೆ ಓದಲು ಬರದಿದ್ದರೂ ಅಳೆಯಲು ಬರುತ್ತಿತ್ತು. ಪಾಟಿಯ ಕಡೆ ನೋಡಿ, "ಇಷ್ಟುದ್ದ ಮಾತಿಗಿ ಒಂದೇ ಸಾಲೇನು? ನಾ ಹತ್ತ ಮಾತಾಡಿದ್ರ ನೀ ಎರಡ ಬರೀತಿ. ಉಳಿದ ಎಂಟು ನುಂಗ್ತಿ" ಅಂದಳು. ಆಟದ ಅವಸರದಲ್ಲಿದ್ದ ನನಗೆ ಅದೊಂದು ತಮಾಷೆಯಾಗಿತ್ತು.

ದೊಡ್ಡವಳಾದ ಮೇಲೆ ನುಂಗುವುದೇ ನನ್ನ ಕಸುಬಾಯಿತು ನೋಡಿ. ಬೇಗಂಪೇಟೆಯ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ ಡಿವಿಡಿ ತಯಾರಿಸುವ ಲ್ಯಾಬಿನಲ್ಲಿ ಸಬ್‌ಟೈಟಲ್ ಮಾಡುವ ಕೆಲಸ ಸಿಕ್ಕಿತು. ಹಳೆಯ ಸಿನಿಮಾಗಳು, ಪ್ರವಚನಗಳು, ಕಂಪನಿಗಳ ತರಬೇತಿ ಚಿತ್ರಗಳು, ಹೊರದೇಶದ ಬೀಗರಿಗೆ ಕಳಿಸುವ ಮದುವೆಗಳು, ಎಲ್ಲ ಅಲ್ಲಿಗೆ ಬರುತ್ತಿದ್ದವು. ತೆಲುಗು, ಇಂಗ್ಲಿಷ್, ಕನ್ನಡ ಮೂರರಲ್ಲೂ ನಾನು ಅಕ್ಷರ ಹಾಕುತ್ತಿದ್ದೆ. ಮಾಲೀಕರು ಹಳೆ ಶಹರದವರು, ಒಳ್ಳೆಯ ಮನುಷ್ಯ, ನಾಲಿಗೆ ಮಾತ್ರ ಒರಟು. ಮೊದಲ ವಾರ ನಾನು ಒಂದು ಪ್ರವಚನವನ್ನು ಮಾತಿಗೆ ಮಾತು ಬರೆದಿಟ್ಟದ್ದನ್ನು ನೋಡಿ, "ಬೋಲ್ನೇವಾಲೇ ಬೋಲ್ತೇಚ್ ರಹ್ತೇ ಅಮ್ಮಾ, ಆಧಾ ನಿಕಾಲ್ ದೇವ್" ಅಂದರು. ಮಾತಾಡುವವರು ಮಾತಾಡುತ್ತಲೇ ಇರುತ್ತಾರೆ, ನೀನು ಅರ್ಧ ಕಿತ್ತು ಹಾಕು ಅಂತ. ಪರದೆಯ ಮೇಲೆ ಎರಡೇ ಸಾಲು, ಜನ ಓದಿ ಮುಗಿಸುವಷ್ಟೇ ಹೊತ್ತು. 'ನೋಡ್ರಿ', 'ಅಂದ್ರ', 'ಏನಂತೀರಿ' ಇವೆಲ್ಲ ಮೊದಲು ಹೋಗಬೇಕು. ಒಂದೇ ಮಾತು ಎರಡು ಸಲ ಬಂದರೆ ಒಂದು ಹೋಗಬೇಕು. ಆರು ತಿಂಗಳಲ್ಲಿ ನಾನು ಎಷ್ಟು ಪಳಗಿದೆನೆಂದರೆ ಮನೆಗೆ ಬಂದವರು ಮಾತಾಡುವಾಗಲೂ ತಲೆಯೊಳಗೆ ಕತ್ತರಿ ಆಡುತ್ತಿತ್ತು.

ಕನ್ನಡದ ಕೆಲಸ ಉಳಿದೆರಡಕ್ಕಿಂತ ಹೆಚ್ಚು ಸತಾಯಿಸುತ್ತಿತ್ತು. ಡಿವಿಡಿ ಕಟ್ಟುವ ಆ ಸಾಫ್ಟ್‌ವೇರಿಗೆ ಕನ್ನಡವನ್ನು ಹಾಗೇ ಸುರಿದರೆ ಒತ್ತುಗಳು ಒಂದು ಕಡೆ, ಕೊಂಬುಗಳು ಒಂದು ಕಡೆ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಅದಕ್ಕೆ ಒಂದೊಂದು ಸಾಲನ್ನೂ ಬೇರೆ ಕಡೆ ಬರೆದು, ಚಿತ್ರ ಮಾಡಿ, ನಂಬರು ಹಾಕಿ ಇಡಬೇಕು. ಆಮೇಲೆ ಒಂದು ಪಟ್ಟಿ ತಯಾರಿಸಬೇಕು. ಯಾವ ಚಿತ್ರ, ಯಾವ ಗಳಿಗೆಗೆ ಬರಬೇಕು, ಯಾವ ಗಳಿಗೆಗೆ ಹೋಗಬೇಕು, ಗಂಟೆ, ನಿಮಿಷ, ಸೆಕೆಂಡು, ಫ್ರೇಮು. ಸೆಕೆಂಡಿಗೆ ಇಪ್ಪತ್ತೈದು ಫ್ರೇಮು. ಆ ಪಟ್ಟಿಯನ್ನು ಒಳಗೆ ಎಳೆದುಕೊಳ್ಳುವಾಗ ಒಂದು ಅಲ್ಪವಿರಾಮ ಬಿಟ್ಟುಹೋಗಿದ್ದರೂ ಮಷಿನ್ನು ನಿಂತು, ಇಂಥ ಸಾಲಿನಲ್ಲಿ ತಪ್ಪಿದೆ ಎಂದು ಹೇಳುತ್ತಿತ್ತು. ಹಿಂದಿನ ಸಾಲು ಹೋಗುವ ಮೊದಲೇ ಮುಂದಿನದು ಬಂದರೂ ನಿಲ್ಲುತ್ತಿತ್ತು. ಎಲ್ಲ ಸರಿಯಾದ ಮೇಲೆ ಡಿಸ್ಕು ಬರೆದು, ಕಿಟಕಿ ಹತ್ತಿರದ ಸಾದಾ ಪ್ಲೇಯರಿಗೆ ಹಾಕಿ ಮೊದಲಿಂದ ಕೊನೆಯವರೆಗೆ ನೋಡುವುದು ಕಡ್ಡಾಯ. ಕಂಪ್ಯೂಟರಿನಲ್ಲಿ ಚಂದ ಕಂಡದ್ದು ಪ್ಲೇಯರಿನಲ್ಲಿ ಕಾಣದೇ ಹೋಗುವುದಿತ್ತು.

ಲ್ಯಾಬಿನಲ್ಲಿ ಹೊಸ ಪ್ಲೇಯರು ಬಂದಾಗ ಹಳೆಯದನ್ನು ಮಾಲೀಕರು ನನಗೆ ಕೊಟ್ಟರು. ಮನೆಗೆ ತಂದು ಟಿವಿಗೆ ಜೋಡಿಸಿ, ಅಪ್ಪನಿಗೆ ಕನ್ನಡ ಅಕ್ಷರ ಹಾಕಿದ ಸಿನಿಮಾ ತೋರಿಸಿದೆ. ಅಪ್ಪ ಪರದೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಓದಿದ. ಅವನು ಯಾವುದಕ್ಕೋ ನಕ್ಕಾಗ ಒಳಗಿಂದ ಅವ್ವ ಓಡಿ ಬಂದು ಪಕ್ಕದಲ್ಲಿ ಕೂತಳು. ಅವರಿಬ್ಬರೂ ಒಂದೇ ಮಾತಿಗೆ, ಒಂದೇ ಹೊತ್ತಿಗೆ ನಕ್ಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಆ ಪ್ಲೇಯರಿಗೆ ಒಂದು ಗುಣವಿತ್ತು. ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದಲೇ ಮರುದಿನ ಶುರುವಾಗುತ್ತಿತ್ತು. "ನಮಗಿಂತ ಇದಕ್ಕ ನೆನಪು ಚಲೋ ಐತಿ" ಎನ್ನುತ್ತಿದ್ದ ಅಪ್ಪ.

ಅಪ್ಪ ಕೆಲಸ ಬಿಟ್ಟ ಎರಡನೆಯ ವರ್ಷ, ಚಳಿಗಾಲದ ಒಂದು ಬೆಳಿಗ್ಗೆ, ಅವ್ವ ಬಚ್ಚಲಲ್ಲಿ ಬಟ್ಟೆ ಒಗೆಯುವಾಗ ಜಾರಿ ಬಿದ್ದಳು. ನಾನು ಬೇಗಂಪೇಟೆಯಲ್ಲಿದ್ದೆ. ನಮ್ಮದು ಎರಡು ಕೋಣೆಯ ಮನೆ, ಹಿಂದೆ ಬಚ್ಚಲು, ಮುಂದೆ ಬೀದಿ, ಎಲ್ಲ ಬಾಗಿಲೂ ಒಂದೇ ಸಾಲಿಗೆ. ಅಪ್ಪ ಹೊಸ್ತಿಲ ಮೇಲೆ ಬಿಸಿಲು ಕಾಯುತ್ತ, ಪೇಪರ್ ಓದುತ್ತ ಕೂತಿದ್ದ. ಹನ್ನೊಂದರ ಚಹಾ ಯಾಕೆ ಬರಲಿಲ್ಲ ಎಂದು ಎದ್ದು ಒಳಗೆ ಹೋದಾಗ ಅವಳು ಬಿದ್ದು ಒಂದು ಗಂಟೆಯ ಮೇಲಾಗಿತ್ತು. ಸೊಂಟದ ಎಲುಬು ಮುರಿದಿತ್ತು.

ಆಸ್ಪತ್ರೆಯಲ್ಲಿ ಅವ್ವ ನನ್ನ ಕೈ ಹಿಡಿದು ಹೇಳಿದಳು, "ಕೂಗಿ ಕೂಗಿ ಸಾಕಾತು ನೋಡು." ಅವಳ ದನಿ ಒಡೆದು ಹೋಗಿತ್ತು. ಅಷ್ಟರಲ್ಲಿ ಅಪ್ಪ ಹತ್ತಿರ ಬಂದು, ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೇಳಿದ: "ನಿಮ್ಮವ್ವ ನನ್ನ ಕೂಗಿದ್ಲೇನು?" ನಾನು ಔಷಧದ ಚೀಟಿಯ ಹಿಂದೆ ಬರೆದು ತೋರಿಸಿದೆ. "ಇಲ್ಲಪ್ಪಾ. ಬಿದ್ದ ಕೂಡಲೇ ಎಚ್ಚರ ತಪ್ಪಿತ್ತು." ಅಪ್ಪ ಅದನ್ನು ಎರಡು ಸಲ ಓದಿದ. ಆಮೇಲೆ ಉಸಿರು ಬಿಟ್ಟು ಗೋಡೆಗೆ ಒರಗಿ ಕೂತ. ಮಂಚದ ಮೇಲಿದ್ದ ಅವ್ವನಿಗೆ ನಾನೇನು ಬರೆದೆ ಅನ್ನುವುದು ಗೊತ್ತಾಗಲಿಲ್ಲ. ಎಂಥ ಒಳ್ಳೆಯ ಮಗಳು ನಾನು ಅನ್ನಿಸಿತ್ತು ಅವತ್ತು. ಈಗ ನೆನೆದರೆ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮನೆಗೆ ಬಂದ ಮೇಲೆ ಅವ್ವ ಮಲಗಿದಲ್ಲಿಯೇ ಆದಳು. ಒಂದು ಮಧ್ಯಾಹ್ನ ಅವಳು ಅಪ್ಪನಿಗೆ ಏನೋ ಹೇಳಲು ನೋಡುತ್ತಿದ್ದಳು. ಬಚ್ಚಲ ಕಡೆ ಕೈ ತೋರಿಸಿದಳು, ಗಂಟಲು ಮುಟ್ಟಿಕೊಂಡಳು. ಅಪ್ಪ ಒಳಗೆ ಹೋಗಿ ಓಮಿನ ಕಾಳು ಹಾಕಿ ನೀರು ಕಾಯಿಸಿ ತಂದ. ಅವ್ವ ಅವನ ಮುಖ ನೋಡಿ, ನಕ್ಕು, ಆ ನೀರು ಕುಡಿದಳು. ಆಮೇಲೆ ನನ್ನನ್ನು ಕರೆದು, "ನಿನ್ನ ಫೋಟೋ ತೆಗಿಯೂ ಮಷಿನ್ ತಗೊಂಬಾ. ನಾ ಮಾತಾಡ್ತೀನಿ, ನೀ ಅಕ್ಷರ ಹಾಕಿ ನಿಮ್ಮಪ್ಪಗ ತೋರಸು" ಅಂದಳು.

"ನನಗೇ ಹೇಳವ್ವಾ, ಬರೆದು ತೋರಿಸ್ತೀನಿ" ಅಂದೆ.

"ನೀ ಬರದ್ರ ಅದು ನಿನ್ನ ಮಾತ ಆಕೈತಿ. ನೀ ನುಂಗ್ತಿ. ಟಿವಿದಾಗ ನಾ ಕಾಣಬೇಕು, ಕೆಳಗ ನನ್ನ ಮಾತ ಕಾಣಬೇಕು. ಸಿನಿಮಾದವರಿಗಿ ಹಾಕ್ತಿಯಲ್ಲ, ಹಂಗ."

ಒಂದು ಭಾನುವಾರ ಲ್ಯಾಬಿನಿಂದ ಕ್ಯಾಮೆರಾ, ಸ್ಟ್ಯಾಂಡು ತಂದೆ. ಅವ್ವ ತಲೆ ಬಾಚಿಸಿಕೊಂಡಳು, ಹಸಿರು ಸೀರೆ ಉಡಿಸು ಅಂದಳು, ಬೆನ್ನಿಗೆ ಮೂರು ದಿಂಬು ಕೊಡಿಸಿಕೊಂಡು ಕೂತಳು. ಅಪ್ಪನನ್ನು ಅವನ ಗೆಳೆಯನ ಮನೆಗೆ ಕಳಿಸಿದಳು. ಆ ಕಾಕಾ ಯಾದಗಿರಿ ಕಡೆಯವರು, ಅದೇ ಕಾರ್ಖಾನೆಯಲ್ಲಿ ಅಪ್ಪನ ಪಕ್ಕದ ಪ್ರೆಸ್ಸಿನಲ್ಲಿ ನಿಂತವರು, ಅವರಿಗೆ ಒಂದು ಕಿವಿಯಷ್ಟೇ ಉಳಿದಿತ್ತು. "ಅವರು ಎದುರಿಗಿದ್ರ ನನಗ ನಾಚಿಕಿ ಬರ್ತೈತಿ" ಅಂದಳು ಅವ್ವ, ಆ ವಯಸ್ಸಿನಲ್ಲಿ.

ಹತ್ತೊಂಬತ್ತು ನಿಮಿಷ ಮಾತಾಡಿದಳು. 'ಏನ್ರಿ' ಎಂದು ಶುರು ಮಾಡಿದಳು. ಮದುವೆಯಾಗಿ ಸನತ್‌ನಗರಕ್ಕೆ ಬಂದ ಹೊಸದರಲ್ಲಿ ನೀರಿನ ನಲ್ಲಿ ಎಲ್ಲಿದೆ ಎಂದು ತೆಲುಗಿನಲ್ಲಿ ಕೇಳಲು ಬಾರದೆ ಎರಡು ದಿನ ಪಕ್ಕದ ಮನೆಯವರ ಮುಖ ನೋಡಿದ್ದು. ಅಪ್ಪ ಪಾಳಿ ಮುಗಿಸಿ ಬರುವಾಗ ಡಬ್ಬಿಯೊಳಗೆ ಮಲ್ಲಿಗೆ ಮುಚ್ಚಿಟ್ಟು ತರುತ್ತಿದ್ದದ್ದು, ಅದಕ್ಕೆ ಯಾವಾಗಲೂ ಉಪ್ಪಿನಕಾಯಿ ವಾಸನೆ ಹಿಡಿದಿರುತ್ತಿದ್ದದ್ದು. ಬೀಪಿ ಗುಳಿಗೆ ತಪ್ಪಿಸಬೇಡಿ ಅನ್ನುವುದನ್ನು ನಾಲ್ಕು ಸಲ ಹೇಳಿದಳು. ಮಾತು ಮುಗಿಸಿ, "ಬಂದ್ ಮಾಡು" ಅಂದಳು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಒಂದೂ ಬಿಡಬ್ಯಾಡ. ಆಣಿ ಮಾಡು. ಅವರು ಓದೂ ಮುಂದ ನಾ ಬಾಜೂ ಇದ್ದು ಅವರ ಮಾರಿ ನೋಡಬೇಕು" ಅಂದಳು. ಅವಳ ಅಂಗೈ ಮೇಲೆ ಕೈ ಇಟ್ಟು ಆಣೆ ಮಾಡಿದೆ. ಮುಂದಿನ ವಾರ ಮಾಡಿಕೊಡುತ್ತೇನೆ ಅಂದೆ.

ಮುಂದಿನ ವಾರ ಲ್ಯಾಬಿಗೆ ಪ್ರವಚನದ ಹನ್ನೆರಡು ಡಿಸ್ಕು ಬಂದವು. ಅದರ ಮುಂದಿನ ವಾರ ಯಾರದೋ ಮದುವೆ. ಊರ ಮಂದಿಯ ಬಾಯಿಗೆಲ್ಲ ಅಕ್ಷರ ಹಾಕಿದೆ, ಅವ್ವನಿಗೆ ಮಾತ್ರ ನಾಳೆ ಬಾ ಅಂದೆ. ಪ್ರತಿ ಭಾನುವಾರ ಅವಳು "ಆತೇನು?" ಅನ್ನುತ್ತಿದ್ದಳು. ಐದು ಭಾನುವಾರ ಕೇಳಿದಳು. ಆರನೆಯ ವಾರ ಎದೆಯಲ್ಲಿ ಕಫ ಕಟ್ಟಿ, ಮೂರೇ ದಿನದಲ್ಲಿ ಹೋಗಿಬಿಟ್ಟಳು.

ದಿನಕರ್ಮಗಳೆಲ್ಲ ಮುಗಿದು ಲ್ಯಾಬಿಗೆ ಹೋದ ಮೊದಲ ದಿನವೇ ಅವ್ವನ ಟೇಪು ಹಾಕಿಕೊಂಡು ಕೂತೆ. ಮಾಲೀಕರು ನೋಡಿದರು, ಬೇರೆ ಕೆಲಸವನ್ನು ನನ್ನ ಮೇಜಿನಿಂದ ಎತ್ತಿಕೊಂಡು ಹೋದರು. ಆಣೆ ಮಾಡಿದ್ದೆನಲ್ಲ, ಒಂದನ್ನೂ ಬಿಡಲಿಲ್ಲ. 'ಏನ್ರಿ' ಬಿಡಲಿಲ್ಲ, 'ನೋಡ್ರಿ' ಬಿಡಲಿಲ್ಲ, ಗುಳಿಗೆಯ ಮಾತು ನಾಲ್ಕಕ್ಕೆ ನಾಲ್ಕೂ ಬರೆದೆ. ಅವಳು ಆಡಿದ ಹಾಗೆಯೇ, ಅವಳ ಭಾಷೆಯಲ್ಲೇ. ಇನ್ನೂರ ಹದಿನಾಲ್ಕು ಸಾಲಾದವು. ಹದಿಮೂರನೆಯ ನಿಮಿಷಕ್ಕೆ ಬಂದಾಗ ಕೈ ನಿಂತಿತು. ಅಲ್ಲಿ ಅವ್ವ ಹೀಗೆ ಹೇಳಿದ್ದಳು:

"ಏನ್ರಿ, ಅವತ್ತ ಬಚ್ಚಲದಾಗ ಬಿದ್ದಾಗ ನಾ ನಿಮ್ಮನ್ನ ಭಾಳ ಕರದೆರಿ. ಕೂಗಿ ಕೂಗಿ ಗಂಟಲ ಹರದು ಹೋತು. ನೀವು ಹೊಸ್ತಿಲ ಮ್ಯಾಲೇ ಕುಂತಿದ್ರಿ, ನಿಮ್ಮ ಬೆನ್ನ ನನಗ ಕಾಣಸ್ತಿತ್ತು. ಅವಾಗ ಭಾಳ ಸಿಟ್ಟು ಬಂತು, ಬೈದೆ ಭೀ. ಆಮ್ಯಾಲೆ ಬಿದ್ದಲ್ಲೇ ತಿಳೀತು, ಈ ಕಿವಿ ನೀವು ನಮ್ಮ ಹೊಟ್ಟಿ ಸಲುವಾಗಿ ಕೊಟ್ಟಿದ್ದು. ನಿಮ್ಮದೇನೂ ತಪ್ಪಿಲ್ಲರಿ. ಮನಸಿಗಿ ಹಚ್ಕೋಬ್ಯಾಡ್ರಿ."

ಇಪ್ಪತ್ತೆರಡು ಸೆಕೆಂಡು, ಆರು ಸಾಲು. ಕ್ಯಾಮೆರಾ ಹಿಂದೆ ನಿಂತಾಗ ಇದನ್ನು ನಾನೂ ಕೇಳಿದ್ದೆ, ಆದರೆ ಆಗ ಅವ್ವ ಬದುಕಿದ್ದಳು. ಬೇಕಾದರೆ ಅವಳೇ ಸಮಾಧಾನ ಮಾಡುತ್ತಾಳೆ ಎಂಬ ಧೈರ್ಯವಿತ್ತು. ಈಗ ಅವಳಿಲ್ಲ. ಅವಳು ಕೂಗಲೇ ಇಲ್ಲ ಎಂದು ನಾನು ಬರೆದುಕೊಟ್ಟ ಚೀಟಿಯನ್ನು ನಂಬಿಕೊಂಡು ಅಪ್ಪ ಊಟ ಮಾಡುತ್ತಿದ್ದಾನೆ, ನಿದ್ದೆ ಮಾಡುತ್ತಿದ್ದಾನೆ. ಕೊನೆಯ ಎರಡು ಸಾಲನ್ನಾದರೂ ಇಡೋಣ ಎಂದು ನೋಡಿದೆ. 'ನಿಮ್ಮದೇನೂ ತಪ್ಪಿಲ್ಲರಿ' ಎಂದರೆ, ಯಾವ ತಪ್ಪು ಎಂದು ಕೇಳುತ್ತಾನೆ. ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಅನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಅಪ್ಪನ ಮನಸ್ಸು ನೋಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ನಾನು ಸುಳ್ಳಿ ಎಂದು ಅವನಿಗೆ ಗೊತ್ತಾಗಬಾರದು ಅನ್ನುವುದು ಇನ್ನರ್ಧ.

ಪಟ್ಟಿಯಿಂದ ಆ ಆರು ಸಾಲನ್ನು ಅಳಿಸಿ, ಉಳಿದ ಇನ್ನೂರ ಎಂಟನ್ನು ಒಳಗೆ ಎಳೆದುಕೊಂಡೆ. ಒಂದು ಅಲ್ಪವಿರಾಮಕ್ಕೆ ತಕರಾರು ತೆಗೆಯುತ್ತಿದ್ದ ಮಷಿನ್ನು ಎಲ್ಲಿಯೂ ನಿಲ್ಲಲಿಲ್ಲ. ಅವತ್ತು ಅದು ನಿಂತಿದ್ದರೆ, ಯಾವುದೋ ಸಾಲಿನಲ್ಲಿ ತಪ್ಪಿದೆ ಎಂದಿದ್ದರೆ, ನಾನು ಇನ್ನೊಂದು ಸಲ ಯೋಚಿಸುತ್ತಿದ್ದೆನೋ ಏನೋ. ಡಿಸ್ಕಿನ ಮೇಲೆ 'ಅವ್ವ' ಎಂದು ಬರೆದು ಮನೆಗೆ ತಂದೆ.

ಅಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಟಿವಿ ಮುಂದೆ ಕೂತ. ಅವ್ವನ ದನಿ ನನಗೆ ಬೇಕಿತ್ತು, ಟಿವಿಯ ದನಿ ಏರಿಸಿದೆ. ಅವಳು 'ಏನ್ರಿ' ಅಂದಳು, ಕೆಳಗೆ 'ಏನ್ರಿ' ಬಂತು. ಅಪ್ಪ "ಹಾಂ" ಅಂದ. ಎದುರಿಗೇ ಕೂತಿದ್ದಾಳೇನೋ ಎಂಬಂತೆ. ಮಲ್ಲಿಗೆಯ ಮಾತಿಗೆ ನಕ್ಕ, ಗುಳಿಗೆಯ ಮಾತಿಗೆ ಪ್ರತಿ ಸಲವೂ "ತಗೋತೀನಿ, ತಗೋತೀನಿ" ಅಂದ. ನನಗೆ ಅಳು ತಡೆಯಲಾಗಲಿಲ್ಲ. ಹದಿಮೂರನೆಯ ನಿಮಿಷ ಬಂತು. ಅವ್ವ ಮಾತಾಡುತ್ತಿದ್ದಳು, ಕೆಳಗೆ ಏನೂ ಬರಲಿಲ್ಲ. ಅಪ್ಪ ರಿಮೋಟು ತಗೊಂಡು ಅಕ್ಷರದ ಗುಂಡಿ ಒತ್ತಿ ನೋಡಿದ. ಅಷ್ಟರಲ್ಲಿ ಇಪ್ಪತ್ತೆರಡು ಸೆಕೆಂಡು ಕಳೆದು ಮುಂದಿನ ಸಾಲು ಬಂತು.

ಪೂರ್ತಿ ಮುಗಿದ ಮೇಲೆ ಅಪ್ಪ ಕೇಳಿದ, "ನಡುವ ಅಕ್ಷರ ಬರಲಿಲ್ಲಲ್ಲ, ಅಲ್ಲಿ ಏನಂದಾಳ ನಿಮ್ಮವ್ವ?"

ಪಾಟಿ ತಗೊಂಡು ಬರೆದೆ. "ಗಂಟಲು ಕಟ್ಟಿತ್ತು. ಕೆಮ್ಮಿ ನೀರು ಕೇಳಿದಳು."

"ಹಾಂ" ಅಂದ. ಮತ್ತೆ ಯಾವತ್ತೂ ಕೇಳಲಿಲ್ಲ.

ಅದಾದ ಮೇಲೆ ಅಪ್ಪ ಎರಡು ವರ್ಷ ಇದ್ದ. ನಾನು ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋದರೆ ಸಂಜೆ ಬರುತ್ತಿದ್ದೆ. ದಿನವಿಡೀ ಪರದೆ ನೋಡಿ ಬಂದವಳಿಗೆ ಮನೆಯಲ್ಲಿ ಟಿವಿ ಬೇಡವಾಗಿತ್ತು. ಹಗಲಲ್ಲಿ ಅಪ್ಪ ಡಿಸ್ಕು ನೋಡುತ್ತಾನೆ ಅನ್ನುವುದು ಗೊತ್ತಿತ್ತು, ನೋಡಲಿ ಪಾಪ ಅಂದುಕೊಂಡಿದ್ದೆ. ಅವನು ಬರಬರುತ್ತ ಮಾತು ಕಡಿಮೆ ಮಾಡಿದ. ಹೊಸ್ತಿಲ ಮೇಲೆ ಕೂಡುವುದು ಬಿಟ್ಟ. ಪೇಪರ್ ಹಿಡಿದರೂ ಒಳಕೋಣೆಯಲ್ಲಿ, ಬಚ್ಚಲ ಬಾಗಿಲಿಗೆ ಮುಖ ಮಾಡಿ ಕೂಡುತ್ತಿದ್ದ. ಚಳಿಗೆ ಎಂದುಕೊಂಡೆ. ಬೇಸಿಗೆಯಲ್ಲೂ ಅಲ್ಲೇ ಕೂತ, ವಯಸ್ಸಾಯಿತು ಎಂದುಕೊಂಡೆ. ಕಣ್ಣಿದ್ದೂ ಕುರುಡಿ ಎನ್ನುತ್ತಾರಲ್ಲ, ಅದು ನಾನೇ.

ಅಷ್ಟರಲ್ಲಿ ಜನ ಸಿನಿಮಾವನ್ನು ಫೋನಿನಲ್ಲೇ ನೋಡುವ ಕಾಲ ಬಂತು. ಲ್ಯಾಬು ಮುಚ್ಚಿತು. ಮುಚ್ಚುವ ದಿನ ಮಾಲೀಕರು ಹಳೆಯ ಕೆಲಸಗಳನ್ನು ಅಳಿಸುತ್ತಿದ್ದರು, ಅವ್ವನ ಫೋಲ್ಡರನ್ನು ಮಾತ್ರ ನನಗೆ ಕಾಪಿ ಮಾಡಿ ಕೊಟ್ಟರು. ಅದರಲ್ಲಿ ಆ ಆರು ಚಿತ್ರಗಳು ಹಾಗೇ ಇದ್ದವು. ಪಟ್ಟಿಯಿಂದ ತೆಗೆದಿದ್ದೆನೇ ಹೊರತು ಅವುಗಳನ್ನು ಅಳಿಸಿರಲಿಲ್ಲ. ಆರು ಸಾಲು ಮತ್ತೆ ಸೇರಿಸಿ, ಇನ್ನೊಂದು ಡಿಸ್ಕು ಬರೆದರೆ ಅರ್ಧ ಗಂಟೆಯ ಕೆಲಸ. ಆವತ್ತು ಯೋಚಿಸಿದೆ, ನಿಜವಾಗಿಯೂ ಯೋಚಿಸಿದೆ. ಸುಮ್ಮನಿರುವ ಗಾಯವನ್ನು ಯಾಕೆ ಕೆದಕಬೇಕು ಎಂದು ಬಿಟ್ಟೆ. ದಿಲ್‌ಸುಖ್‌ನಗರದಲ್ಲಿ ಬೇರೊಂದು ಕಡೆ ಇದೇ ಕೆಲಸ ಸಿಕ್ಕಿತು.

ಒಂದು ದಿನ ಮಧ್ಯಾಹ್ನ ಊಟ ಮಾಡಿ ಮಲಗಿದ ಅಪ್ಪ ಏಳಲಿಲ್ಲ. ಮಾತಾಡಿಸಲು ಬಂದ ಕಾಕಾ ಅವರೇ ನನಗೆ ಫೋನು ಮಾಡಿಸಿದರು.

ಮಣ್ಣು ಮಾಡಿ ಬಂದ ಮೂರನೆಯ ದಿನ ಕಾಕಾ ಬಂದು ಕೂತರು. ಒಂದೇ ಕಿವಿಯವರಾದ್ದರಿಂದ ಅವರದೂ ದೊಡ್ಡ ದನಿ. ಅಪ್ಪನ ಸುದ್ದಿ ಮಾತಾಡುತ್ತ ಮಾತಾಡುತ್ತ ಹೇಳಿದರು:

"ನಿನ್ನ ಮ್ಯಾಲೆ ಭಾಳ ಜೀವ ಇತ್ತವ್ವ ಅವಗ. ನನ್ನ ಮಗಳು ಭಾಳ ಶಾಣ್ಯಾಕಿ ಅಂತಿದ್ದ. ಆಕಿ ಅವ್ವ ಸಾಯೂ ಮುಂದ ನನ್ನ ಬೈದು ಹೋಗ್ಯಾಳ, ಮಗಳು ನನಗ ತಿಳೀಬಾರದಂತ ಅದೊಂದು ತಗದು ಹಾಕ್ಯಾಳ ಅಂತಿದ್ದ. ನಾ ಬರದು ತೋರಸಿದೆ, ಮಗಳನ್ನ ಕೇಳೋ ಒಂದ ಸಲ ಅಂತ. ಬ್ಯಾಡ, ಮುಚ್ಚಿ ಇಟ್ಟಾಳ, ಕೇಳಿದ್ರ ಆಕಿ ಮನಸ್ಸು ನೋಯತೈತಿ ಅಂದ. ನನಗ ತಿಳದೈತಿ, ಆಕಿ ಅವ್ವ ಕೂಗ್ಯಾಳ, ನಾ ಬೆನ್ನ ಮಾಡಿ ಕುಂತಿದ್ದೆ, ಬೈಲಿ ಬಿಡು, ಬೈಸ್ಕೊಳ್ಳಾಕ ಬೇಕು ಅಂದ."

"ಬೈದಿಲ್ಲ ಕಾಕಾ, ಅವ್ವ ಬೈದಿಲ್ಲ" ಅಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳುವ ತ್ರಾಣ ನನಗಿರಲಿಲ್ಲ. ಅವರು ಚಹಾ ಕುಡಿದು, ತಲೆ ಮೇಲೆ ಕೈಯಾಡಿಸಿ ಹೋದರು.

ಅವರು ಹೋದ ಮೇಲೆ ಬಾಗಿಲು ಹಾಕಿ ಟಿವಿ ಹಚ್ಚಿದೆ. ಡಿಸ್ಕು ಪ್ಲೇಯರಿನ ಒಳಗೇ ಇತ್ತು. ನಿಲ್ಲಿಸಿದ ಜಾಗದಿಂದಲೇ ಶುರುವಾಯಿತು. ಅವ್ವನ ಹಸಿರು ಸೀರೆ, ಮೂರು ದಿಂಬು, ಹದಿಮೂರನೆಯ ನಿಮಿಷ. ಗುಳಿಗೆಯ ಸಾಲು ಹೋಯಿತು, ಆಮೇಲೆ ಅಕ್ಷರ ಬರಲಿಲ್ಲ. ದನಿಯೂ ಬರಲಿಲ್ಲ. ಟಿವಿಯ ದನಿಯನ್ನು ಅಪ್ಪ ಎಂದೋ ಸೊನ್ನೆಗೆ ಇಳಿಸಿದ್ದ, ಅವನಿಗೆ ಅದರಿಂದ ಏನಾಗಬೇಕಿತ್ತು. ಏರಿಸಲು ರಿಮೋಟು ಎತ್ತಿಕೊಂಡವಳು ಹಾಗೇ ಕೈ ಇಳಿಸಿದೆ. ಅಲ್ಲಿಯವರೆಗೆ ಆ ಇಪ್ಪತ್ತೆರಡು ಸೆಕೆಂಡನ್ನು ನಾನು ಎಷ್ಟೋ ಸಲ ಕೇಳಿದ್ದೆ, ಅಪ್ಪ ನೋಡಿದ ಹಾಗೆ ಒಂದು ಸಲವೂ ನೋಡಿರಲಿಲ್ಲ.

ಅವ್ವ ಬಚ್ಚಲ ಕಡೆ ಕೈ ತೋರಿಸುತ್ತಾಳೆ. ಗಂಟಲು ಮುಟ್ಟಿಕೊಳ್ಳುತ್ತಾಳೆ. ಹೊಸ್ತಿಲ ಕಡೆ ಬೆರಳು ಮಾಡುತ್ತಾಳೆ, ಹುಬ್ಬು ಗಂಟಿಕ್ಕುತ್ತಾಳೆ. ಆಮೇಲೆ ತನ್ನ ಕಿವಿ ಮುಟ್ಟಿ ತೋರಿಸುತ್ತಾಳೆ. ಸೆರಗಿನಿಂದ ಕಣ್ಣು ಒರೆಸಿಕೊಂಡು ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಾಳೆ. ತುಟಿಗಳು ಇನ್ನೂ ಆಡುತ್ತಿರುತ್ತವೆ.

ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಮೂರು ಸಲ ನೋಡಿದೆ. ತಪ್ಪಿಲ್ಲ ಅನ್ನುವ ಮಾತು ಅವಳ ಕೈಯಲ್ಲಾಗಲಿ ಮುಖದಲ್ಲಾಗಲಿ ಎಲ್ಲಿಯೂ ಇರಲಿಲ್ಲ. ಅದು ನಾನು ತೆಗೆದುಹಾಕಿದ ಐದನೆಯ ಸಾಲಿನಲ್ಲಿ ಮಾತ್ರ ಇತ್ತು.